ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಬಾಳಿದ 19ನೇ ಶತಮಾನದ ಪೂರ್ವಜರನ್ನು ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳಿಗೆ ಎರಡು ವಂಶಾವಳಿಗಳಿವೆ. ಒಂದು ನಮ್ಮ ಕಡೆಯದು, ಇನ್ನೊಂದು ಒಹಾಯೊ, ಅಯೋವಾ ಅಥವಾ ವಿಸ್ಕಾನ್ಸಿನ್ ಕಡೆಯದು. ಮಗು ಶಾಲೆಯಿಂದ ಬಂದು "ಅಮ್ಮನ ಮುತ್ತಜ್ಜನ ಅಪ್ಪ ಯಾರು?" ಎಂದು ಕೇಳಿದಾಗ ಹುಡುಕಲು ಕೂರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಮ್ಮಲ್ಲಿ ಹೆಳವರು ಮನೆ ಬಾಗಿಲಿಗೆ ಬಂದು ತಲೆಮಾರುಗಳನ್ನು ಹೇಳುತ್ತಿದ್ದರು. ಅಲ್ಲಿ ಆ ಕೆಲಸ ಮಾಡಿದ್ದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ, ರಾಜ್ಯದೊಳಗಿನ ಒಂದು ಭಾಗ) ಕಚೇರಿಯ ಗುಮಾಸ್ತರು. ಒಂದೇ ವ್ಯತ್ಯಾಸವೆಂದರೆ, ಅವರ ಬಾಗಿಲಿಗೆ ನಾವೇ ಹೋಗಬೇಕು.

ಎಲ್ಲಿಂದ ಶುರು ಮಾಡಬೇಕು?

ಇವತ್ತಿನಿಂದ ಹಿಂದಕ್ಕೆ, ಒಂದೊಂದೇ ತಲೆಮಾರು. ಹೆಚ್ಚಿನವರು 1850ರ ಯಾರೋ ಒಬ್ಬರ ಹೆಸರು ಹಿಡಿದು ಕೆಳಗೆ ಇಳಿಯಲು ನೋಡುತ್ತಾರೆ, ಅದೇ ಹೆಸರಿನ ಬೇರೆ ಮನೆತನಕ್ಕೆ ಹೋಗಿ ಸೇರುತ್ತಾರೆ. ಮೊದಲು ಮನೆಯ ಹಿರಿಯರನ್ನು ಮಾತಾಡಿಸಿ. ಅಟ್ಟದ ಮೇಲಿನ ಪೆಟ್ಟಿಗೆ, ಫೋಟೋಗಳ ಹಿಂಬದಿಯ ಬರಹ, ಕುಟುಂಬದ ಬೈಬಲ್ಲಿನ ನಡುವಿನ ಹಾಳೆಗಳು, ಚರ್ಚಿನ ದೀಕ್ಷಾಪತ್ರ ಎಲ್ಲವನ್ನೂ ನೋಡಿ. ಆಮೇಲೆ 1950ರ ಜನಗಣತಿಗೆ ಹೋಗಿ. ಅಮೆರಿಕದಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಗೋಪ್ಯವಾಗಿಡುತ್ತಾರೆ. 1950ರದ್ದು ತೆರೆದುಕೊಂಡಿದ್ದು 2022ರಲ್ಲಿ. ಅದರಲ್ಲಿ ಅಜ್ಜ ಸಿಕ್ಕರೆ ಅಲ್ಲಿಂದ ಹತ್ತು ಹತ್ತು ವರ್ಷ ಹಿಂದಕ್ಕೆ ಹೆಜ್ಜೆ ಇಡಬಹುದು.

ಕೌಂಟಿ, ಕೌಂಟಿ ಎಂದು ಎಲ್ಲರೂ ಯಾಕೆ ಹೇಳುತ್ತಾರೆ?

ಮದುವೆ, ಜಮೀನಿನ ಕ್ರಯಪತ್ರ, ಉಯಿಲು, ಅನಾಥ ಮಕ್ಕಳ ಪೋಷಕತ್ವ, ತೆರಿಗೆ, ಪೌರತ್ವದ ಅರ್ಜಿ, ಇವೆಲ್ಲ 19ನೇ ಶತಮಾನದಲ್ಲಿ ಕೌಂಟಿಯ ಕೋರ್ಟ್‌ಹೌಸಿನಲ್ಲಿ ನಡೆಯುತ್ತಿದ್ದವು. ಮಿಡ್‌ವೆಸ್ಟ್ ಎಂದು ಕರೆಯುವ 12 ರಾಜ್ಯಗಳು ಹುಟ್ಟಿದ್ದೇ ಆ ಕಾಲದಲ್ಲಿ. ಒಹಾಯೊ 1803ರಲ್ಲಿ, ಇಂಡಿಯಾನಾ 1816ರಲ್ಲಿ, ಇಲಿನಾಯ್ 1818ರಲ್ಲಿ, ಮಿಷಿಗನ್ 1837ರಲ್ಲಿ, ಅಯೋವಾ 1846ರಲ್ಲಿ, ಮಿನ್ನೆಸೋಟಾ 1858ರಲ್ಲಿ ರಾಜ್ಯವಾದವು. ಎರಡು ಡಕೋಟಾಗಳು 1889ರವರೆಗೆ ಕಾಯಬೇಕಾಯಿತು. ಜನ ಬಂದ ಹಾಗೆ ದೊಡ್ಡ ಕೌಂಟಿಗಳನ್ನು ಒಡೆದು ಹೊಸವು ಮಾಡಿದರು. ರೈತ ಮನೆ ಬಿಟ್ಟು ಕದಲದೆಯೇ ಅವನ ಕೌಂಟಿ ಬದಲಾಗಿರಬಹುದು. ಹಳೆಯ ದಾಖಲೆ ಹಳೆಯ ಕೌಂಟಿಯಲ್ಲೇ ಉಳಿದಿರುತ್ತದೆ. ಶಿಕಾಗೊದ ನ್ಯೂಬೆರಿ ಗ್ರಂಥಾಲಯ ಕೌಂಟಿಗಳ ಗಡಿ ಯಾವ ತಾರೀಖಿಗೆ ಹೇಗಿತ್ತು ಎಂದು ತೋರಿಸುವ ಚಾರಿತ್ರಿಕ ನಕ್ಷೆಗಳನ್ನು ಮಾಡಿಟ್ಟಿದೆ. ಹುಡುಕುವ ಮೊದಲು ಅದನ್ನು ನೋಡಿ.

ಅಬ್ರಹಾಂ ಲಿಂಕನ್ನರ ತಂದೆ ತಾಯಿಯ ಮದುವೆಯನ್ನೇ ತೆಗೆದುಕೊಳ್ಳಿ. ಸಂಸಾರ ಇದ್ದದ್ದು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ. ಅಲ್ಲಿ ಹುಡುಕಿದವರಿಗೆ ಮದುವೆಯ ದಾಖಲೆ ಸಿಗಲಿಲ್ಲ, ಊರಲ್ಲಿ ಬಾಯಿಗೆ ಬಂದ ಮಾತು ಹುಟ್ಟಿತು. ಥಾಮಸ್ ಲಿಂಕನ್, ನ್ಯಾನ್ಸಿ ಹ್ಯಾಂಕ್ಸ್ ಮದುವೆಯಾದದ್ದು 1806ರ ಜೂನ್ 12ರಂದು, ವಾಷಿಂಗ್ಟನ್ ಕೌಂಟಿಯಲ್ಲಿ. ಕಾಗದ ಅಷ್ಟೂ ಕಾಲ ಅಲ್ಲೇ ಇತ್ತು. ಮದುವೆಯನ್ನು ಹುಡುಗಿಯ ಕಡೆಯವರ ಕೌಂಟಿಯಲ್ಲಿ ಹುಡುಕಿ ಎಂದು ಬಲ್ಲವರು ಹೇಳುವುದು ಇದಕ್ಕೇ.

ಜನಗಣತಿಯಲ್ಲಿ ಏನೇನು ಸಿಗುತ್ತದೆ?

ವರ್ಷದ ಮೇಲೆ ಹೋಗುತ್ತದೆ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರು ವಯಸ್ಸಿನ ಕಾಲಂಗಳಲ್ಲಿ ಬರೀ ಅಂಕಿಗಳು. 1850ರಿಂದ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಅಥವಾ ದೇಶ ಬಂತು, ಆದರೆ ಯಾರು ಯಾರಿಗೆ ಏನಾಗಬೇಕು ಎಂದು ಬರೆಯಲಿಲ್ಲ. 1850ರ ಹಾಳೆಯಲ್ಲಿ ಒಂದೇ ಮನೆಯಲ್ಲಿರುವ 20 ವರ್ಷದ ಹುಡುಗ ಮಗನೂ ಇರಬಹುದು, ತಮ್ಮನೂ ಇರಬಹುದು, ಆಳೂ ಇರಬಹುದು. ಸಂಬಂಧದ ಕಾಲಂ ಬಂದದ್ದು 1880ರಲ್ಲಿ, ಜೊತೆಗೆ ಅಪ್ಪ ಅಮ್ಮ ಹುಟ್ಟಿದ ಸ್ಥಳವೂ ಬಂತು. ಅಲ್ಲೂ ಎಚ್ಚರ ಬೇಕು. ಬರೆದ ಸಂಬಂಧ ಯಜಮಾನನಿಗೆ ಸೇರಿದ್ದು. ಅವನ ಹೆಂಡತಿ ಮಕ್ಕಳಿಗೆಲ್ಲ ಹೆತ್ತ ತಾಯಿ ಎಂದು ಅದು ಹೇಳುವುದಿಲ್ಲ. ಮೊದಲ ಹೆಂಡತಿ ಹೆರಿಗೆಯಲ್ಲಿ ಸತ್ತು ಎರಡನೆಯವಳು ಬಂದ ಮನೆಗಳು ಆ ಕಾಲದಲ್ಲಿ ಎಷ್ಟೋ.

1900ರದ್ದು ನನಗೆ ಎಲ್ಲಕ್ಕಿಂತ ಬೆಲೆಬಾಳುವ ಜನಗಣತಿ. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಅಮೆರಿಕಕ್ಕೆ ಬಂದ ವರ್ಷ ಎಲ್ಲವೂ ಅದರಲ್ಲಿದೆ. ತಾಯಂದಿರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ಹೆತ್ತದ್ದು ಎಷ್ಟು, ಬದುಕಿರುವುದು ಎಷ್ಟು? ಪಕ್ಕಪಕ್ಕದ ಎರಡು ಕಾಲಂಗಳಲ್ಲಿ "9", "5" ಎಂದು ಕಂಡರೆ, ನಾಲ್ಕು ಮಕ್ಕಳು ನಿಮ್ಮ ಪಟ್ಟಿಗೆ ಇನ್ನೂ ಸೇರಿಲ್ಲದಿರಬಹುದು. ಆ ನಾಲ್ವರನ್ನು ಹುಡುಕದೆ ಮುಂದೆ ಹೋಗಬೇಡಿ. ಅವರೂ ಆ ಮನೆಯ ಮಕ್ಕಳೇ.

ವಯಸ್ಸು ಒಂದೊಂದು ಜನಗಣತಿಯಲ್ಲಿ ಒಂದೊಂದು ಥರ ಇದೆಯಲ್ಲ?

ಇರುತ್ತದೆ. ಉತ್ತರ ಕೊಟ್ಟದ್ದು ಯಾರು ಎಂದು ಗೊತ್ತಿಲ್ಲ. ಪಕ್ಕದ ಮನೆಯವರೂ ಹೇಳಿರಬಹುದು. ಲಿಂಕನ್ನರ ಹೆಂಡತಿ ಮೇರಿಗೆ 1850ರ ಜನಗಣತಿಯಲ್ಲಿ 28 ವರ್ಷ, 1860ರಲ್ಲಿ 35. ಹುಟ್ಟಿದ್ದು 1818ರ ಡಿಸೆಂಬರಿನಲ್ಲಿ, ಅಂದರೆ 1860ರಲ್ಲಿ ನಿಜವಾದ ವಯಸ್ಸು 41. ಹೆಸರಿನ ಕಾಗುಣಿತ, ವಯಸ್ಸು ಎರಡೂ ಸಡಿಲ. ಗಂಡ, ಹೆಂಡತಿ, ಮಕ್ಕಳ ಹೆಸರು ಮತ್ತು ಮಕ್ಕಳ ನಡುವಿನ ಅಂತರ ಒಟ್ಟಿಗೆ ಹೊಂದುತ್ತದೆಯೇ ಎಂದು ನೋಡಿ.

1890ರ ಜನಗಣತಿ ಎಲ್ಲೂ ಸಿಗುತ್ತಿಲ್ಲ. ಯಾಕೆ?

1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಟ್ಟದ್ದು ಸುಟ್ಟಿತು, ನೆನೆದು ಉಳಿದದ್ದನ್ನೂ ಆಮೇಲೆ ವಿಲೇವಾರಿ ಮಾಡಿಬಿಟ್ಟರು. ದೇಶಕ್ಕೆ ದೇಶವೇ ಇದ್ದ ಪಟ್ಟಿಯಲ್ಲಿ ಉಳಿದದ್ದು ಸುಮಾರು 6,000 ಜನರ ಹೆಸರು. 1880ರಿಂದ 1900ರ ನಡುವೆ 20 ವರ್ಷದ ಕಂದಕ ಬಿದ್ದಿದೆ. ಆ ಅವಧಿಯಲ್ಲಿ ಹುಟ್ಟಿ, ಬೆಳೆದು, ಮದುವೆಯಾಗಿ ಮನೆಬಿಟ್ಟ ಹೆಣ್ಣುಮಕ್ಕಳು ತವರಿನ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಮಿಡ್‌ವೆಸ್ಟಿನ ಪುಣ್ಯವೆಂದರೆ, ಇಲ್ಲಿನ ಹಲವು ರಾಜ್ಯಗಳು ತಮ್ಮದೇ ಜನಗಣತಿ ಮಾಡಿದವು. ಅಯೋವಾ, ಮಿನ್ನೆಸೋಟಾ, ಕ್ಯಾನ್ಸಾಸ್, ವಿಸ್ಕಾನ್ಸಿನ್‌ಗಳಿಗೆ 1885 ಮತ್ತು 1895ರದ್ದು ಇದೆ. ನೆಬ್ರಾಸ್ಕಾಕ್ಕೆ 1885ರದ್ದು. ಕ್ಯಾನ್ಸಾಸಿನದು ನನಗೆ ಅಚ್ಚುಮೆಚ್ಚು: ಹುಟ್ಟಿದ್ದೆಲ್ಲಿ ಎಂಬುದರ ಜೊತೆಗೆ, ಕ್ಯಾನ್ಸಾಸಿಗೆ ಬಂದದ್ದು ಎಲ್ಲಿಂದ ಎಂದೂ ಅದು ಕೇಳಿತು. ನಡುವಿನ ನಿಲ್ದಾಣ ಅಲ್ಲಿ ಬಯಲಾಗುತ್ತದೆ. ವಿಸ್ಕಾನ್ಸಿನಿನ ಈ ಪಟ್ಟಿಗಳಲ್ಲಿ ಯಜಮಾನನ ಹೆಸರಷ್ಟೇ ಇರುತ್ತದೆ, 1905ರದ್ದು ಬಿಟ್ಟು. ಅಯೋವಾದ 1925ರ ಪಟ್ಟಿಯಂತೂ ಪ್ರತಿಯೊಬ್ಬರ ತಂದೆಯ ಹೆಸರು ಮತ್ತು ತಾಯಿಯ ಮದುವೆಗೆ ಮುಂಚಿನ ಹೆಸರನ್ನು ಕೇಳಿತು. 1925ರಲ್ಲಿ 80 ವರ್ಷದ ಅಜ್ಜಿ ಬದುಕಿದ್ದರೆ 1820ರ ದಶಕದಲ್ಲಿ ಹುಟ್ಟಿದ ಅವಳ ತಾಯಿಯ ಹೆಸರು ನಿಮ್ಮ ಕೈಗೆ ಬಂತು.

ಇದೆಲ್ಲ ಸೇರಿದರೆ ಒಂದು ಸಂಸಾರದ ಕಥೆ ಹೇಗೆ ಕಾಣುತ್ತದೆ?

ಚಾರ್ಲ್ಸ್ ಇಂಗಲ್ಸ್ ಎಂಬ ರೈತನ ಸಂಸಾರವನ್ನು ನೋಡೋಣ. 'ಲಿಟಲ್ ಹೌಸ್' ಪುಸ್ತಕಗಳನ್ನು ಬರೆದ ಲಾರಾ ಇವನ ಮಗಳು, ಹಾಗಾಗಿ ಈ ಮನೆಯದ್ದು ಸಂಶೋಧಕರು ಬಿಡಿಸಿ ನೋಡದ ಕಾಗದವಿಲ್ಲ. 1836ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವನು, 1860ರಲ್ಲಿ ವಿಸ್ಕಾನ್ಸಿನಿನಲ್ಲಿ ಕ್ಯಾರೊಲಿನ್ ಕ್ವೈನರ್ ಎಂಬವಳನ್ನು ಮದುವೆಯಾದ. ಮೇರಿ (1865), ಲಾರಾ (1867) ಹುಟ್ಟಿದ್ದು ವಿಸ್ಕಾನ್ಸಿನಿನಲ್ಲಿ. ಕ್ಯಾರಿ (1870) ಹುಟ್ಟಿದ್ದು ಕ್ಯಾನ್ಸಾಸಿನಲ್ಲಿ. 1870ರ ಜನಗಣತಿಯಲ್ಲಿ ಅವರು ಮಾಂಟ್‌ಗಮರಿ ಕೌಂಟಿಯಲ್ಲಿದ್ದಾರೆ, ಒಸೇಜ್ ಎಂಬ ಮೂಲನಿವಾಸಿ ಜನರಿಗೆ ಸೇರಿದ್ದ ನೆಲದಲ್ಲಿ. ಮುಂದೆ ಮತ್ತೆ ವಿಸ್ಕಾನ್ಸಿನ್, ಆಮೇಲೆ ಮಿನ್ನೆಸೋಟಾ. ಗ್ರೇಸ್ (1877) ಹುಟ್ಟಿದ್ದು ಅಯೋವಾದಲ್ಲಿ. 1880ಕ್ಕೆ ಸಂಸಾರ ಡಕೋಟಾ ಸೇರಿತ್ತು. ಮಕ್ಕಳು ಹುಟ್ಟಿದ ಊರುಗಳನ್ನು ಸಾಲಾಗಿ ಇಟ್ಟರೆ ಗಾಡಿ ಹೋದ ದಾರಿಯೇ ಬಂದುಬಿಡುತ್ತದೆ.

ಈಗ ಬಿಟ್ಟುಹೋದವನನ್ನು ನೋಡಿ. ಅವರಿಗೆ ಒಬ್ಬ ಗಂಡುಮಗು ಹುಟ್ಟಿತ್ತು, ಚಾರ್ಲ್ಸ್ ಫ್ರೆಡರಿಕ್. ಹುಟ್ಟಿದ್ದು 1875ರ ನವೆಂಬರ್ 1, ಸತ್ತದ್ದು 1876ರ ಆಗಸ್ಟ್ 27. ಮಿನ್ನೆಸೋಟಾದ ರಾಜ್ಯ ಜನಗಣತಿ ಅವನು ಹುಟ್ಟುವ ಕೆಲವು ತಿಂಗಳು ಮುಂಚೆ, 1875ರ ಬೇಸಿಗೆಗೇ ಮುಗಿದಿತ್ತು. 1880ರದ್ದು ಬರುವಷ್ಟರಲ್ಲಿ ಅವನಿರಲಿಲ್ಲ. ಯಾವ ಜನಗಣತಿಯಲ್ಲೂ ಆ ಮಗು ಇಲ್ಲ. ಮನೆಯವರು ಮಾತಾಡಿಕೊಂಡು, ಬರೆದುಕೊಂಡು ಉಳಿಸಿಕೊಂಡದ್ದರಿಂದ ನಮಗೆ ಗೊತ್ತು. ನಿಮ್ಮ ಪೂರ್ವಜರ ಮನೆಯಲ್ಲಿ ಎರಡು ಮಕ್ಕಳ ನಡುವೆ ನಾಲ್ಕೈದು ವರ್ಷದ ಅಂತರ ಕಂಡರೆ, ಅಲ್ಲೊಬ್ಬ ಫ್ರೆಡರಿಕ್ ಇದ್ದನೇ ಎಂದು ಕೇಳಿ. ಸ್ಮಶಾನದ ಪುಸ್ತಕ, ಚರ್ಚಿನ ಪುಸ್ತಕ, ಹಾಗೂ 1850ರಿಂದ 1880ರ ಜನಗಣತಿಗಳ ಜೊತೆಗಿದ್ದ ಮರಣಪಟ್ಟಿಗಳನ್ನು ನೋಡಿ. ಆ ಪಟ್ಟಿಗಳಲ್ಲಿ ಜೂನ್ 1ಕ್ಕೆ ಹಿಂದಿನ 12 ತಿಂಗಳಲ್ಲಿ ಸತ್ತವರ ಹೆಸರು ಮಾತ್ರ ಇರುತ್ತದೆ.

ಜನನ ಪ್ರಮಾಣಪತ್ರ ಕೇಳಿ ಬರೆದರೆ "ಇಲ್ಲ" ಎಂದು ಉತ್ತರ ಬಂತು.

ಆಗ ಬರೆಯುವ ಪದ್ಧತಿಯೇ ಇರಲಿಲ್ಲ. ಮಿಷಿಗನ್ 1867ರಿಂದ ಜನನ ಮರಣ ಬರೆಯಿತು. ಒಹಾಯೊದ ಕೌಂಟಿಗಳೂ 1867ರಿಂದ, ರಾಜ್ಯಮಟ್ಟದಲ್ಲಿ 1908ರ ಕೊನೆಯಿಂದ. ಅಯೋವಾ 1880, ಮಿಸೌರಿ 1910, ಇಲಿನಾಯ್ ರಾಜ್ಯಮಟ್ಟದಲ್ಲಿ 1916. ಶುರುವಿನ ವರ್ಷಗಳಲ್ಲಿ ಎಷ್ಟೋ ಮನೆಯವರು ಬರೆಸಲೇ ಇಲ್ಲ. ಮದುವೆಗಳು ಮಾತ್ರ ಹೆಚ್ಚಿನ ಕೌಂಟಿಗಳಲ್ಲಿ ಕೌಂಟಿ ಹುಟ್ಟಿದಾಗಿನಿಂದ ಇವೆ. ಶಿಕಾಗೊ ಇದಕ್ಕೆ ಹೊರತು: 1871ರ ಅಕ್ಟೋಬರಿನ ಮಹಾ ಬೆಂಕಿಯಲ್ಲಿ ಕುಕ್ ಕೌಂಟಿಯ ಕೋರ್ಟ್‌ಹೌಸ್ ದಾಖಲೆಗಳ ಸಮೇತ ಸುಟ್ಟುಹೋಯಿತು. ಅಲ್ಲಿ ಚರ್ಚಿನ ಪುಸ್ತಕಗಳೇ ಗತಿ.

ಒಂದು ದಾರಿ ಮರೆಯಬೇಡಿ. 1850ರಲ್ಲಿ ಹುಟ್ಟಿದವರು 1915ರಲ್ಲಿ ಸತ್ತರೆ ಅವರ ಮರಣಪತ್ರದಲ್ಲಿ ತಂದೆ ತಾಯಿಯ ಹೆಸರಿಗೆ ಜಾಗವಿರುತ್ತದೆ. ನಿಮ್ಮ ಪೂರ್ವಜ ಬೇಗ ಸತ್ತಿದ್ದರೂ, ತುಂಬಾ ವರ್ಷ ಬದುಕಿದ ತಂಗಿಯ ಪತ್ರದಲ್ಲಿ ಅವರಿಬ್ಬರ ತಾಯಿಯ ಹೆಸರು ಇರಬಹುದು. ಮಿಸೌರಿ ಸರ್ಕಾರ 1910ರಿಂದಾಚೆಗಿನ ಹಳೆಯ ಮರಣಪತ್ರಗಳ ಚಿತ್ರಗಳನ್ನು ಉಚಿತವಾಗಿಯೇ ಇಟ್ಟಿದೆ.

ಅಜ್ಜಿಯ ತವರುಮನೆ ಹೆಸರು ಎಲ್ಲೂ ಇಲ್ಲ. ಏನು ಮಾಡಲಿ?

ಇಡೀ ಹುಡುಕಾಟದಲ್ಲಿ ಇದೇ ಕಷ್ಟದ, ಇದೇ ಮುಖ್ಯದ ಪ್ರಶ್ನೆ. ವಂಶವೃಕ್ಷದ ಅರ್ಧ ಜನ ಹೆಂಗಸರು. ಕಾಗದಗಳಲ್ಲಿ ಅವರು "ಹೆಂಡತಿ ಮೇರಿ" ಎಂದು ಉಳಿದುಬಿಟ್ಟಿದ್ದಾರೆ. ಅವರನ್ನು ಹಾಗೇ ಬಿಟ್ಟು ಗಂಡಸರ ಸಾಲನ್ನಷ್ಟೇ ಹಿಡಿದು ಹೋದ ವಂಶಾವಳಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಮದುವೆ ದಾಖಲೆ ಸಿಗದಿದ್ದರೆ ಅಕ್ಕಪಕ್ಕದವರನ್ನು ಹುಡುಕಿ. ಮಿಡ್‌ವೆಸ್ಟಿಗೆ ಒಂಟಿಯಾಗಿ ಬಂದ ಸಂಸಾರಗಳು ಕಡಿಮೆ. ಅಣ್ಣತಮ್ಮಂದಿರು, ಷಡ್ಡಕರು, ಅದೇ ಹಳ್ಳಿಯ ಅದೇ ಚರ್ಚಿನವರು ಗುಂಪಾಗಿ ಬಂದು ಪಕ್ಕಪಕ್ಕದಲ್ಲೇ ಜಮೀನು ಹಿಡಿದರು. ಹುಡುಗ ಮದುವೆಯಾದದ್ದು ಹೆಚ್ಚಾಗಿ ನಡೆದು ಹೋಗುವಷ್ಟು ದೂರದ ಮನೆಯ ಹುಡುಗಿಯನ್ನು. ಹಿಂದಿನ ಜನಗಣತಿಯಲ್ಲಿ ಅವನ ಮನೆಯ ಹಿಂದೆ ಮುಂದೆ ಐದಾರು ಹಾಳೆ ತಿರುವಿ, ಸರಿಯಾದ ವಯಸ್ಸಿನ ಮೇರಿಯರನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಆ ಮನೆಗಳ ಯಜಮಾನರ ಉಯಿಲು ನೋಡಿ. "ಮಗಳು ಮೇರಿ, ಇಂಥವನ ಹೆಂಡತಿ" ಎಂಬ ಒಂದು ಸಾಲಿಗಾಗಿ ನೀವು ಹುಡುಕುತ್ತಿರುವುದು. ಉಯಿಲಿಲ್ಲದೆ ಸತ್ತಿದ್ದರೆ ಇನ್ನೂ ಒಳ್ಳೆಯದು. ಆಸ್ತಿ ಹಂಚಲು ಕೋರ್ಟ್ ವಾರಸುದಾರರೆಲ್ಲರ ಹೆಸರು ಬರೆಸಿಕೊಳ್ಳುತ್ತಿತ್ತು, ಮದುವೆಯಾದ ಹೆಣ್ಣುಮಕ್ಕಳನ್ನೂ ಅವರ ಗಂಡಂದಿರನ್ನೂ ಸೇರಿಸಿ. ಮಕ್ಕಳ ನಡುಹೆಸರನ್ನೂ ಗಮನಿಸಿ. ಮಗನಿಗೆ ವಿಚಿತ್ರವಾದ ನಡುಹೆಸರಿದ್ದರೆ ಅದು ತಾಯಿಯ ತವರಿನದ್ದಾಗಿರುವುದು ಸಾಮಾನ್ಯ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಈಗ ಕೈಬರಹದ ಕ್ರಯಪತ್ರ, ಉಯಿಲುಗಳ ಒಳಗಿನ ಪದಗಳನ್ನೇ ಹುಡುಕುವ ಸೌಲಭ್ಯ ಬಂದಿದೆ. ಸೂಚಿಯಲ್ಲಿ ಎಂದೂ ಕಾಣದಿದ್ದ ಹೆಂಗಸರು ಅದರಿಂದ ಮೇಲೆ ಬರುತ್ತಿದ್ದಾರೆ.

ಅಂತರ್ಯುದ್ಧದಲ್ಲಿ ಹೋರಾಡಿದ್ದನಂತೆ. ಅದರಿಂದ ಏನಾದರೂ ಸಿಗುತ್ತದೆಯೇ?

ಸಿಗುವುದಷ್ಟೇ ಅಲ್ಲ, ಸಿಕ್ಕಿದರೆ ಅದಕ್ಕಿಂತ ದೊಡ್ಡ ನಿಧಿ ಇನ್ನೊಂದಿಲ್ಲ. 1861ರಿಂದ 1865ರವರೆಗೆ ಒಕ್ಕೂಟದ (ಅಂದರೆ ಉತ್ತರದ) ಸೇನೆಯಲ್ಲಿದ್ದವರು, ಅವರ ವಿಧವೆಯರು ಪಿಂಚಣಿಗೆ ಅರ್ಜಿ ಹಾಕಿದ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1890ರ ಕಾನೂನಿನ ನಂತರ ಅರ್ಹರ ಸಂಖ್ಯೆ ತುಂಬಾ ಹೆಚ್ಚಿತು. ಸೂಚಿ ಆನ್‌ಲೈನಿನಲ್ಲಿದೆ. ಪೂರ್ತಿ ಕಡತಗಳಲ್ಲಿ ಹೆಚ್ಚಿನವನ್ನು ಹಣ ಕೊಟ್ಟು ನಕಲು ತರಿಸಬೇಕು. ದುಬಾರಿ ಎನಿಸಿದರೂ ತರಿಸಿ.

ವಿಧವೆ ತಾನು ಮದುವೆಯಾದದ್ದನ್ನು, ಮಕ್ಕಳು ಹುಟ್ಟಿದ್ದನ್ನು ಸಾಬೀತು ಮಾಡಬೇಕಿತ್ತು. ಪ್ರಮಾಣಪತ್ರಗಳಿಲ್ಲದ ಕಾಲ. ಕೆಲವರು ಮನೆಯ ಬೈಬಲ್ಲಿನಿಂದ ಜನನ ಮರಣ ಬರೆದ ಹಾಳೆಯನ್ನೇ ಕಿತ್ತು ಕಳಿಸಿದರು. ಆ ಹಾಳೆಗಳು ಈಗಲೂ ಕಡತದಲ್ಲಿವೆ: ಒಂದೊಂದು ಹೆರಿಗೆಗೂ ಬೇರೆ ಬೇರೆ ಶಾಯಿ, ಬೇರೆ ಬೇರೆ ಕೈ. ಸೂಲಗಿತ್ತಿ ಬಂದು ಸಾಕ್ಷಿ ಹೇಳಿದ ಪತ್ರವಿರುತ್ತದೆ. "ಇವನ ಜೊತೆ ಒಂದೇ ಡೇರೆಯಲ್ಲಿ ಮಲಗಿದ್ದೆ, ಭೇದಿ ಹತ್ತಿದ್ದು ನಾನು ಕಂಡಿದ್ದೇನೆ" ಎಂಬ ಥರದ ಗೆಳೆಯನ ಹೇಳಿಕೆ ಇರುತ್ತದೆ. ವೈದ್ಯರು ಅಳೆದ ಎತ್ತರ, ತೂಕ, ಗಾಯದ ಕಲೆ ಇರುತ್ತದೆ. ಹೆಬ್ಬೆಟ್ಟಿನ ಬದಲು ಒಂದು ಕತ್ತರಿ ಗುರುತು ಹಾಕಿದ ಅಜ್ಜಿಯ ಕೈಯನ್ನು ನೀವು ನೋಡುತ್ತೀರಿ. ಹೆಸರು ಮಾತ್ರವಾಗಿದ್ದವರು ಮನುಷ್ಯರಾಗುವುದು ಈ ಕಡತದಲ್ಲಿ.

ಜಮೀನಿನ ದಾಖಲೆ ಹೇಗೆ ಓದುವುದು?

ಮಿಡ್‌ವೆಸ್ಟಿನ ಬಹುಭಾಗವನ್ನು ಚೌಕಗಳಾಗಿ ಅಳೆದಿದ್ದಾರೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್‌ನಲ್ಲಿ 36 ಸೆಕ್ಷನ್, ಒಂದು ಸೆಕ್ಷನ್ನಿಗೆ 640 ಎಕರೆ, ಅದರ ಕಾಲುಭಾಗ 160 ಎಕರೆ. ಸರ್ಕಾರದಿಂದ ಮೊದಲು ಜಮೀನು ಪಡೆದವರ ಪಟ್ಟಾಗಳು ಭೂ ನಿರ್ವಹಣಾ ಬ್ಯೂರೋದ ಜಾಲತಾಣದಲ್ಲಿ ಉಚಿತವಾಗಿವೆ. ಪಟ್ಟಾದಲ್ಲಿ ಹೆಚ್ಚೇನೂ ಇರುವುದಿಲ್ಲ, ಅದರ ಹಿಂದಿನ ಕಡತದಲ್ಲಿ ಇರುತ್ತದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆಗೆ ಕಟ್ಟಬೇಕಾದ ಶುಲ್ಕ ಒಟ್ಟು 18 ಡಾಲರ್, ಐದು ವರ್ಷ ಅಲ್ಲೇ ವಾಸ ಮಾಡಿ ಉಳಬೇಕು. ಕೊನೆಗೆ ಇಬ್ಬರು ನೆರೆಯವರು ಸಾಕ್ಷಿ ಹೇಳಬೇಕು: ಮನೆ ಎಷ್ಟು ಅಡಿ, ಎಷ್ಟು ಎಕರೆ ಉತ್ತಿದ್ದಾನೆ, ಹೆಂಡತಿ ಮಕ್ಕಳು ಎಷ್ಟು. ವಲಸೆ ಬಂದವನಾದರೆ ಪೌರತ್ವದ ಕಾಗದವೂ ಅದರಲ್ಲೇ ಇರುತ್ತದೆ. ಒಂಟಿ ಹೆಂಗಸರೂ ವಿಧವೆಯರೂ ತಮ್ಮ ಹೆಸರಲ್ಲೇ ಜಮೀನು ಪಡೆಯಬಹುದಿತ್ತು, ಪಡೆದರು.

ನ್ಯೂಯಾರ್ಕಿನ ಎಲಿಸ್ ಐಲೆಂಡ್ ವಲಸೆ ಕೇಂದ್ರದಲ್ಲಿ ನಮ್ಮ ಹೆಸರು ಬದಲಿಸಿಬಿಟ್ಟರು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?

ಅಲ್ಲ. ಹಡಗಿನ ಪಟ್ಟಿ ಹೊರಡುವ ಬಂದರಿನಲ್ಲೇ ತಯಾರಾಗುತ್ತಿತ್ತು, ಇಲ್ಲಿ ಅದಕ್ಕೆ ಗುರುತು ಹಾಕುತ್ತಿದ್ದರು ಅಷ್ಟೇ. ಎಲಿಸ್ ಐಲೆಂಡ್ ತೆರೆದದ್ದೇ 1892ರಲ್ಲಿ. 1855ರಿಂದ 1890ರವರೆಗೆ ನ್ಯೂಯಾರ್ಕಿಗೆ ಬಂದವರು ಇಳಿದದ್ದು ಕ್ಯಾಸಲ್ ಗಾರ್ಡನ್‌ನಲ್ಲಿ. ಮಿಡ್‌ವೆಸ್ಟಿಗೆ ಕ್ವಿಬೆಕ್ ಮೂಲಕ, ನ್ಯೂ ಆರ್ಲಿಯನ್ಸಿನಿಂದ ಮಿಸಿಸಿಪ್ಪಿ ನದಿಯ ಮೇಲೆ ಬಂದವರೂ ಬಹಳ. ಹೆಸರು ಬದಲಿಸಿಕೊಂಡವರು ಅವರೇ. ನಾರ್ವೆಯವರಿಗೆ ಸ್ವಂತ ಹೆಸರು, ಅಪ್ಪನ ಹೆಸರಿನಿಂದ ಬಂದ ಹೆಸರು, ಹೊಲಮನೆಯ ಹೆಸರು ಎಂದು ಮೂರಿದ್ದವು. ಅಮೆರಿಕದಲ್ಲಿ ಒಬ್ಬ ತಮ್ಮ ಒಂದನ್ನು, ಇನ್ನೊಬ್ಬ ಇನ್ನೊಂದನ್ನು ಉಳಿಸಿಕೊಂಡ.

ಜನಗಣತಿಯಲ್ಲಿ ಬರೀ "ಪ್ರಷ್ಯಾ" (ಆ ಕಾಲದ ಒಂದು ಜರ್ಮನ್ ರಾಜ್ಯ) ಎಂದಿದೆ. ಹಳ್ಳಿ ಯಾವುದೆಂದು ತಿಳಿಯುವುದು ಹೇಗೆ?

ಹಳ್ಳಿಯ ಹೆಸರು ಅಮೆರಿಕದ ಕಡೆಯೇ ಸಿಗಬೇಕು, ಅದು ಸಿಗುವ ಮುಂಚೆ ಜರ್ಮನಿಯಲ್ಲಿ ಹುಡುಕಿ ಫಲವಿಲ್ಲ. ಚರ್ಚಿನ ಸಮಾಧಿ ಪುಸ್ತಕ, ಜರ್ಮನ್ ಭಾಷೆಯ ಸ್ಥಳೀಯ ಪತ್ರಿಕೆಯ ಮರಣವಾರ್ತೆ, ಗೋರಿಕಲ್ಲು ನೋಡಿ. 1906ಕ್ಕೆ ಮುಂಚಿನ ಪೌರತ್ವದ ಕಾಗದದಲ್ಲಿ ಹೆಚ್ಚಾಗಿ ದೇಶದ ಹೆಸರಷ್ಟೇ ಇರುತ್ತದೆ. 1855ರಿಂದ 1922ರವರೆಗೆ ಹೆಂಡತಿಗೆ ಗಂಡನ ಪೌರತ್ವವೇ ಸಿಗುತ್ತಿದ್ದರಿಂದ ಅವಳ ಹೆಸರಿನ ಅರ್ಜಿ ಹುಡುಕುವುದು ಹೆಚ್ಚಾಗಿ ವ್ಯರ್ಥ. ಹ್ಯಾಂಬರ್ಗ್ ಬಂದರಿನ 1850ರಿಂದಾಚೆಗಿನ ಪಟ್ಟಿಗಳು ಉಳಿದಿವೆ, ಬ್ರೆಮೆನ್ನಿನವು ಬಹುಪಾಲು ಹೋದವು. ಸ್ವೀಡನ್, ನಾರ್ವೆ ಮೂಲದವರು ಅದೃಷ್ಟವಂತರು, ಅಲ್ಲಿನ ಸರ್ಕಾರಿ ಪತ್ರಾಗಾರಗಳು ಚರ್ಚಿನ ಪುಸ್ತಕಗಳನ್ನು ಉಚಿತವಾಗಿ ತೆರೆದಿಟ್ಟಿವೆ.

ಪೂರ್ವಜರು ಕಪ್ಪು ಜನಾಂಗದವರಾಗಿದ್ದರೆ?

ಗುಲಾಮಗಿರಿಯಲ್ಲಿದ್ದವರು ಹೆಸರಿನೊಂದಿಗೆ ಜನಗಣತಿಗೆ ಬಂದದ್ದು 1870ರಲ್ಲಿ. 1850 ಮತ್ತು 1860ರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಮಿಡ್‌ವೆಸ್ಟಿನ ಮಿಸೌರಿಯೇ ಗುಲಾಮಗಿರಿಯ ರಾಜ್ಯವಾಗಿತ್ತು. ಕಪ್ಪು ಸೈನಿಕರ ಪಿಂಚಣಿ ಕಡತಗಳಲ್ಲಿ, ಬಿಡುಗಡೆ ಪಡೆದವರಿಗಾಗಿ 1865ರಿಂದ 1874ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯಾಂಕಿನ ಪುಸ್ತಕಗಳಲ್ಲಿ ತಂದೆ ತಾಯಿ, ಒಡಹುಟ್ಟಿದವರ ಹೆಸರುಗಳು ಸಿಗುತ್ತವೆ. ಕ್ಯಾನ್ಸಾಸಿನ ನಿಕೋಡೆಮಸ್ 1877ರಲ್ಲಿ ಬಿಡುಗಡೆ ಪಡೆದವರೇ ಕಟ್ಟಿದ ಊರು. ಅಲ್ಲಿನವರ ಹೋಮ್‌ಸ್ಟೆಡ್ ಕಡತಗಳೂ ಇವೆ. ಮೂಲನಿವಾಸಿಗಳ ಮನೆತನವಾದರೆ 1885ರಿಂದ 1940ರವರೆಗಿನ ಇಂಡಿಯನ್ ಜನಗಣತಿ ಪಟ್ಟಿಗಳಿಂದ ಹೊರಡಿ. ಮತ್ತು ಯಾರ ಪೂರ್ವಜರೇ ಆಗಿರಲಿ, ಅವರ 160 ಎಕರೆ ಅದಕ್ಕೆ ಮುಂಚೆ ಯಾರದಾಗಿತ್ತು, ಯಾವ ಒಪ್ಪಂದದಲ್ಲಿ ಹೋಯಿತು ಎಂದು ಬರೆದಿಡಿ. 1838ರಲ್ಲಿ ಪೊಟವಾಟಮಿ ಜನರನ್ನು ಇಂಡಿಯಾನಾದಿಂದ ಕ್ಯಾನ್ಸಾಸಿಗೆ ಬಲವಂತವಾಗಿ ನಡೆಸಿದ್ದನ್ನು ಬಿಟ್ಟು ಇಂಡಿಯಾನಾದ ರೈತನ ಕಥೆ ಪೂರ್ತಿಯಾಗುವುದಿಲ್ಲ.

ಆನ್‌ಲೈನಿನಲ್ಲಿ ಸಿದ್ಧ ವಂಶವೃಕ್ಷ ಸಿಕ್ಕಿದೆ. ನಂಬಬಹುದೇ?

ಸುಳಿವೆಂದು ಇಟ್ಟುಕೊಳ್ಳಿ. ಒಂದು ತಪ್ಪು ವೃಕ್ಷವನ್ನು ಐವತ್ತು ಮಂದಿ ನಕಲು ಮಾಡಿದರೆ ಐವತ್ತು ಸಾಕ್ಷಿಯಾಗುವುದಿಲ್ಲ. 1870ರ ನಂತರ ಪ್ರಕಟವಾದ ಕೌಂಟಿ ಚರಿತ್ರೆಯ ದಪ್ಪ ಸಂಪುಟಗಳೂ ಹಾಗೆಯೇ. ಚಂದಾದಾರರು ತಮ್ಮ ಬಗ್ಗೆ ತಾವೇ ಕೊಟ್ಟ ವಿವರ ಅದರಲ್ಲಿದೆ.

ಡಿಎನ್‌ಎ ಪರೀಕ್ಷೆ ಮಾಡಿಸಲೇ?

ಮನೆಯಲ್ಲಿ ಬದುಕಿರುವ ಅತಿ ಹಿರಿಯರದ್ದನ್ನು, ಅವರು ಒಪ್ಪಿದರೆ, ಮೊದಲು ಮಾಡಿಸಿ. ಐದು ತಲೆಮಾರು ಹಿಂದಿನ ಒಬ್ಬ ಪೂರ್ವಜರಿಂದ ನಿಮಗೆ ಬಂದಿರುವುದು ಸರಾಸರಿ ಶೇ. 3ರಷ್ಟು. ಪ್ರತಿ ತಲೆಮಾರಿಗೂ ಅದು ಅರ್ಧವಾಗುತ್ತದೆ. ಡಿಎನ್‌ಎ ಹೆಸರು ಹೇಳುವುದಿಲ್ಲ, ಕಾಗದದಿಂದ ಕಂಡುಕೊಂಡದ್ದು ಸರಿಯೇ ಎಂದು ಹೇಳುತ್ತದೆ. 1854ರಲ್ಲಿ ಮಿಷಿಗನ್ನಿನ ಡೋವಾಜಿಯಾಕ್‌ಗೆ ಬಂದ ಮೊದಲ ಅನಾಥ ಮಕ್ಕಳ ರೈಲಿನಿಂದ 1929ರವರೆಗೆ, ನ್ಯೂಯಾರ್ಕಿನಿಂದ ಕರೆತಂದು ಮಿಡ್‌ವೆಸ್ಟಿನ ಮನೆಗಳಿಗೆ ಹಂಚಿದ ಮಕ್ಕಳ ಸಂತತಿಗೆ ಮಾತ್ರ ಎಷ್ಟೋ ಸಲ ಇದೊಂದೇ ದಾರಿ.

ಬೆಂಗಳೂರಿನಲ್ಲಿ ಕೂತು ಇದನ್ನೆಲ್ಲ ಮಾಡಬಹುದೇ? ಖರ್ಚೆಷ್ಟು?

ಬಹುಪಾಲು ಮಾಡಬಹುದು. ಫ್ಯಾಮಿಲಿಸರ್ಚ್ ಉಚಿತ, ಖಾತೆ ತೆರೆದರೆ ಸಾಕು. ಕೆಲವು ಚಿತ್ರಗಳು ಮಾತ್ರ ಅವರ ಕೇಂದ್ರಗಳಲ್ಲೇ ತೆರೆದುಕೊಳ್ಳುತ್ತವೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕ ಹಳೆಯ ಪತ್ರಿಕೆಗಳಿಗೆ ಉಚಿತ. ಆನ್ಸೆಸ್ಟ್ರಿಗೆ ಚಂದಾ ಬೇಕು, ಅಮೆರಿಕದ ಹಲವು ಸಾರ್ವಜನಿಕ ಗ್ರಂಥಾಲಯಗಳ ಒಳಗೆ ಅದೂ ಉಚಿತ. ಅಲ್ಲಿಗೆ ಹೋಗುವ ಅವಕಾಶವಿದ್ದರೆ ಇಂಡಿಯಾನಾದ ಫೋರ್ಟ್ ವೇನ್‌ನ ಆಲೆನ್ ಕೌಂಟಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದು ದಿನ ಇಡಿ. ವಂಶಾವಳಿಗೆಂದೇ ಅಷ್ಟು ದೊಡ್ಡ ಸಂಗ್ರಹವಿರುವ ಸಾರ್ವಜನಿಕ ಗ್ರಂಥಾಲಯ ಅಪರೂಪ.

ಸಿಕ್ಕಿದ್ದನ್ನು ಹೇಗೆ ಇಟ್ಟುಕೊಳ್ಳಬೇಕು?

ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಯಾವ ಕೌಂಟಿಯ ಯಾವ ಪುಸ್ತಕದ ಎಷ್ಟನೇ ಪುಟದಲ್ಲಿತ್ತು ಎಂದು ಬರೆಯಿರಿ. ಹುಡುಕಿ ಸಿಗದ ಕಡೆಯನ್ನೂ ಬರೆಯಿರಿ, ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಅದೇ ಪುಸ್ತಕವನ್ನು ಮತ್ತೆ ತಿರುವುತ್ತೀರಿ. ಒಂದು ಪ್ರತಿಯನ್ನು ಆ ಕೌಂಟಿಯ ಇತಿಹಾಸ ಸಂಘಕ್ಕೆ ಕಳಿಸಿ. ಕುಟುಂಬಗಳ ಕಡತಗಳನ್ನು ಅವರು ಹೆಸರಿನ ಪ್ರಕಾರ ಜೋಡಿಸಿಡುತ್ತಾರೆ. ನೀವು ಕಳಿಸಲು ಹೋದಾಗ ಅದೇ ಹೆಸರಿನಡಿ ಇನ್ನಾರೋ ದೂರದ ದಾಯಾದಿ ಇಟ್ಟ ಕಡತ ಆಗಲೇ ಅಲ್ಲಿರಬಹುದು. ಅದರ ನಕಲನ್ನೂ ಕೇಳಿ ಪಡೆಯಿರಿ.